ಕಂಬಿ ತುಂಡಿಗೆ ಬಿದ್ದ ಏಟು ಎಷ್ಟು?

ಜೂನ್ ೩, ಮಂಗಳವಾರ

ಹಳೇ ರೈಲು ನಿಲ್ದಾಣಕ್ಕೆ ಹಾಕಿಸುವ ಕಲ್ಲುಫಲಕದ ಸಮಿತಿಗೆ ನನ್ನನ್ನು ಎಳೆದುಕೊಂಡಿದ್ದಾರೆ. ಬೇಡವೆನ್ನಬೇಕಿತ್ತು. ಮೂವತ್ತನಾಲ್ಕು ವರ್ಷ ಪತ್ರಿಕೆಯ ಕಚೇರಿಯಲ್ಲಿ ಕೂತು ಕರಡು ತಿದ್ದಿದವನು ನಾನು. ನಿವೃತ್ತಿಯಾದ ಮೇಲೂ ಕಂಡವರ ತಪ್ಪು ಹೆಕ್ಕುವ ಹಣೆಬರಹವೇ? ಆದರೆ ಅಧ್ಯಕ್ಷರಾದ ವಕೀಲರು ಮನೆಗೇ ಬಂದು ಕೂತರು. "ನೀವಿಲ್ಲದಿದ್ರೆ ಒಬ್ಬೊಬ್ಬರೂ ಒಂದೊಂದು ಪುರಾಣ ಕೆತ್ತಿಸಿಬಿಡ್ತಾರೆ ಸಾರ್. ಅಪಘಾತ ಕಣ್ಣಾರೆ ಕಂಡವರು ಅಂತ ಊರಲ್ಲಿ ಉಳಿದಿರೋದು ನೀವೊಬ್ರೇ." ಅದು ನಿಜವಾದ್ದರಿಂದ ಒಪ್ಪಿಕೊಂಡೆ.

ನಮ್ಮ ಲೈನಿನಲ್ಲಿ ರೈಲು ನಿಂತು ಹದಿನೆಂಟು ವರ್ಷವಾಯಿತು. ಈಗ ನಿಲ್ದಾಣವನ್ನು ವಾಚನಾಲಯ ಮಾಡುತ್ತಿದ್ದಾರೆ. ಬಾಗಿಲ ಪಕ್ಕದಲ್ಲಿ ಲೈನಿನ ಚರಿತ್ರೆ ಹನ್ನೆರಡು ಸಾಲು. ಆ ಹನ್ನೆರಡು ಸಾಲಿಗೆ ಇವತ್ತು ಹಳೇ ಟಿಕೆಟ್ ಕೋಣೆಯಲ್ಲಿ ಎರಡೂವರೆ ಗಂಟೆ ಜಗಳ. ಒಂದು ಸಾಲೂ ಹುಟ್ಟಲಿಲ್ಲ.

ಮೊದಲು ಎದ್ದವನು ಎಂಜಿನ್ ಡ್ರೈವರನ ಮಗ. ಸೈಕಲ್ ಅಂಗಡಿಯವನು. ಮಾತಿಗೆ ಮುಂಚೆ ಎಂಜಿನ್ನಿನ ಹಾಗೆ ಸಿಳ್ಳೆ ಹಾಕುವ ಚಾಳಿ ಇರುವುದರಿಂದ ಊರಿಗೆಲ್ಲ ಅವನು 'ಸೀಟಿ'. ಅಪಘಾತದ ದಿನ ಅವನಪ್ಪ ಗಾಡಿಯನ್ನು "ನಡ್ಕೊಂಡು ಹೋಗೋ ಸ್ಪೀಡಲ್ಲಿ" ತರುತ್ತಿದ್ದರಂತೆ. ನಡೆದುಕೊಂಡು ಬಂದ ಎಂಜಿನ್ನು ಕಲ್ಲು ತುಂಬಿದ ವ್ಯಾಗನ್ನುಗಳ ಮೇಲೆ ಹತ್ತಿ ಕೂತಿತೇ? ಮೂವತ್ತು ವರ್ಷದ ಹಿಂದೆ ಇದೇ ಮನುಷ್ಯ 'ಇಪ್ಪತ್ತು ಮೈಲಿ' ಎನ್ನುತ್ತಿದ್ದ. ಆಮೇಲೆ ಅದು ಹನ್ನೆರಡಾಯಿತು. ಈಗ ನಡಿಗೆ. ಇನ್ನೈದು ವರ್ಷ ಬಿಟ್ಟು ಕೇಳಿದರೆ ಎಂಜಿನ್ನು ನಿಂತೇ ಇತ್ತು, ವ್ಯಾಗನ್ನುಗಳೇ ಓಡಿಬಂದು ಗುದ್ದಿದವು ಎನ್ನುತ್ತಾನೆ.

"ನೀನಲ್ಲಿ ಇದ್ದೆಯೇನಯ್ಯಾ?" ಎಂದೆ.

"ನಾನು ಅವತ್ತು ಅಜ್ಜಿ ಮನೇಲಿದ್ದೆ ಸಾರ್. ಇದ್ರೇನು, ನಮ್ಮಪ್ಪನ ಕೈ ನಂಗೊತ್ತಿಲ್ವಾ?"

ವಕೀಲರ ಪ್ರಕಾರ ಲೈನು ಬಂದದ್ದೇ ಅವರ ತಾತ ಬರೆದ ಅರ್ಜಿಯಿಂದ. ಎಂಬತ್ತು ದಾಟಿದ ಮೇಸ್ತ್ರಿಯ ಲೆಕ್ಕದಲ್ಲಿ ಹೊಳೆಯ ಸೇತುವೆಗೆ ಏಳು ಕಮಾನು. ಐದೇ ಇರುವುದು. ಸೇತುವೆ ಇನ್ನೂ ನಿಂತಿದೆ, ಹೋಗಿ ಎಣಿಸಬಹುದು, ಎಣಿಸುವವರು ಯಾರು? ತನ್ನವರ ಮೇಲಿನ ಮಮತೆ ಕಣ್ಣಿಗೆ ಹೀಗೆ ಪೊರೆ ಕಟ್ಟುತ್ತದೆ. ನಮ್ಮ ಕಚೇರಿಯಲ್ಲೊಂದು ನಿಯಮವಿತ್ತು: ತಾನು ಬರೆದದ್ದರ ಕರಡನ್ನು ತಾನೇ ನೋಡಬಾರದು. ಬರೆದವನಿಗೆ ಕಾಣುವುದು ಹಾಳೆಯಲ್ಲಿರುವುದಲ್ಲ, ತಲೆಯಲ್ಲಿರುವುದು. ಇದನ್ನು ಸಭೆಯಲ್ಲಿ ಹೇಳಿದೆ. ಎಲ್ಲರೂ ಪಕ್ಕದವನ ಮುಖ ನೋಡಿ ತಲೆಯಾಡಿಸಿದರು.

ಹಿಂದಿನ ಬೆಂಚಿನಲ್ಲಿ ಆ ಟೈಲರ್ ಹೆಂಗಸು ಕೂತಿದ್ದಳು. ಆಗ ಲೈನು ತಿರುಗಿಸುತ್ತಿದ್ದ ಪಾಯಿಂಟ್ಸ್‌ಮನ್ನನ ಮಗಳು. ಯಾರೂ ಕರೆದಿರಲಿಲ್ಲ. ಕೊನೆಯಲ್ಲಿ ಎದ್ದು ಒಂದೇ ಮಾತು: "ನಮ್ಮಪ್ಪ ಕೇಳಿಸ್ಕೊಂಡಿದ್ದು ಎರಡು ಏಟು." ಐವತ್ತೆರಡು ವರ್ಷದಿಂದ ಅದೇ ಪಲ್ಲವಿ. ಕುರ್ಚಿ ಮಡಚಿಟ್ಟು ಬಂದೆವು.

ಜೂನ್ ೮, ಭಾನುವಾರ

ಕರಡು ಬರೆಯುವ ಕೆಲಸವನ್ನು ನನಗೇ ಒಪ್ಪಿಸಿದ್ದಾರೆ. ಬೆಳಿಗ್ಗೆಯಿಂದ ಕೂತು ಅಪಘಾತದ ಸಾಲಿಗೆ ಬಂದೆ. ಇನ್ನೊಬ್ಬರು ನಾಳೆ ತಿರುಚದಿರಲೆಂದು ನಡೆದದ್ದನ್ನು ಇಲ್ಲಿ ಪೂರ್ತಿ ಬರೆದಿಡುತ್ತೇನೆ.

ನನಗಾಗ ಹತ್ತು ವರ್ಷ. ಅಪ್ಪ ಸ್ಟೇಷನ್ ಮಾಸ್ಟರ್. ನಿಲ್ದಾಣದಲ್ಲಿ ಎರಡು ಲೈನು. ಎರಡನೆಯದರಲ್ಲಿ ಕಲ್ಲಿನ ಗೂಡ್ಸು ನಿಂತಿತ್ತು. ಮಧ್ಯಾಹ್ನದ ಪ್ಯಾಸೆಂಜರ್ ಗಾಡಿ ಒಂದನೆಯದಕ್ಕೆ ಬರಬೇಕು. ಲೈನು ತಿರುಗಿಸುವ ಸನ್ನೆಕೋಲು ಇದ್ದದ್ದು ತಿರುವಿನಾಚೆಯ ಕ್ಯಾಬಿನ್ನಿನಲ್ಲಿ, ಪಾಯಿಂಟ್ಸ್‌ಮನ್ನನ ಕೈಯಲ್ಲಿ. ಅಲ್ಲಿಗೆ ಫೋನಿರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನೇತುಹಾಕಿದ ಕಂಬಿ ತುಂಡಿಗೆ ಅಪ್ಪ ಕಬ್ಬಿಣದ ಗೂಟದಿಂದ ಹೊಡೆಯಬೇಕು. ಒಂದು ಏಟೆಂದರೆ ಒಂದನೇ ಲೈನು, ಎರಡೆಂದರೆ ಎರಡನೆಯದು. ಎರಡು ಏಟಿನ ನಡುವೆ ನಾದ ಪೂರ್ತಿ ಅಡಗುವಷ್ಟು ಬಿಡಬೇಕು. ಇಲ್ಲದಿದ್ದರೆ ತಿರುವಿನಾಚೆ ಎರಡೂ ಕೂಡಿ ಒಂದಾಗಿ ಕೇಳುತ್ತದೆ. ಕೇಳಿಸಿತೆಂಬುದಕ್ಕೆ ಕ್ಯಾಬಿನ್ನಿನವನು ತಿರುವಿನವರೆಗೆ ಬಂದು ಹಸಿರು ಬಾವುಟ ಬೀಸುತ್ತಿದ್ದ. ಎಷ್ಟು ಕೇಳಿಸಿತೆಂದು ತಿರುಗಿ ಹೇಳುವ ಪದ್ಧತಿ ಇರಲಿಲ್ಲ.

ಅವತ್ತು ಮಳೆ. ನಾನು ಅಪ್ಪನಿಗೆ ಊಟದ ಕ್ಯಾರಿಯರ್ ತಂದಿದ್ದೆ. ಅದರ ಹಿಡಿ ಕೈ ಸುಡುತ್ತಿತ್ತು, ಕರ್ಚೀಫು ಸುತ್ತಿ ಹಿಡಿದಿದ್ದೆ. ತಲೆಯ ಮೇಲೆ ತಗಡಿನ ಚಾವಣಿ ಮಳೆಗೆ ಡೋಲಿನಂತೆ ಬಡಿದುಕೊಳ್ಳುತ್ತಿತ್ತು. ಅಪ್ಪ ಗೂಟ ಎತ್ತಿ ಒಂದು ಏಟು ಹೊಡೆದರು. ಒಂದೇ. ದೂರದಲ್ಲಿ ಹಸಿರು ಬಾವುಟ ಆಡಿತು. ಸ್ವಲ್ಪ ಹೊತ್ತಿಗೆ ಗಾಡಿ ಎರಡನೇ ಲೈನಿಗೆ ನುಗ್ಗಿ ಗೂಡ್ಸಿಗೆ ಹೊಡೆಯಿತು. ಎಂಜಿನ್ನಿಗೆ ಕಲ್ಲಿದ್ದಲು ಹಾಕುವವನು ಸತ್ತ. ವಿಚಾರಣೆಯಾಗಿ ಪಾಯಿಂಟ್ಸ್‌ಮನ್ನನನ್ನು ಕೆಲಸದಿಂದ ತೆಗೆದರು. ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ಒಂಬತ್ತು ವರ್ಷಕ್ಕೆ ಅವನೂ ಹೋದ. ಪಾಪ ಅನಿಸುತ್ತದೆ. ಆದರೆ ಚರಿತ್ರೆಯನ್ನು ಪಾಪ ಎಂದುಕೊಂಡು ಬರೆಯಲಾಗುತ್ತದೆಯೇ?

ಅಪ್ಪನ ಎಣಿಕೆ ತಪ್ಪುವುದೆಂದರೆ ಸೂರ್ಯ ದಾರಿ ತಪ್ಪಿದ ಹಾಗೆ. ಎಷ್ಟು ಕಟ್ಟುನಿಟ್ಟಿನವರೆಂದರೆ, ನನಗೆ ಬುದ್ಧಿ ಬಂದಾಗಿನಿಂದ ಮಲಗುವ ಮುನ್ನ ಬಾಗಿಲ ಚಿಲಕವನ್ನು ಮೂರು ಸಲ ಎದ್ದು ಮುಟ್ಟಿ ನೋಡುತ್ತಿದ್ದರು. ಅಂಥವರು ಏಟು ತಪ್ಪುತ್ತಾರೆಯೇ?

ಬರೆದೆ: "ಪಾಯಿಂಟ್ಸ್‌ಮನ್ನನ ಅಜಾಗರೂಕತೆಯಿಂದ ಗಾಡಿಯು ತಪ್ಪು ಮಾರ್ಗಕ್ಕೆ ತಿರುಗಿತು." ಚೊಕ್ಕವಾಗಿದೆ.

ಅಕ್ಕ ಎರಡು ಸಲ ಬಂದು ಕೆಡಿಸಿದಳು. ಮೂವತ್ತು ವರ್ಷ ನರ್ಸಾಗಿದ್ದವಳು, ಆರು ವರ್ಷದಿಂದ ನನ್ನ ಜೊತೆಗಿದ್ದಾಳೆ; ಅವಳಿಗೆ ಮನೆಯೂ ಒಂದು ವಾರ್ಡೇ. ಮೊದಲ ಸಲ ಬಿ.ಪಿ. ಮಾತ್ರೆ. ನಾನು ತೆಗೆದುಕೊಂಡಿಲ್ಲವೆಂದೆ, ಅವಳು ಆಗಲೇ ತೆಗೆದುಕೊಂಡಿದ್ದೀಯ ಎಂದಳು. "ನನ್ನ ಬಾಯಿ, ನನ್ನ ಮಾತ್ರೆ, ನನಗೆ ಗೊತ್ತಿಲ್ಲವೇ?" ಎಂದು ಇನ್ನೊಂದು ನುಂಗಿದೆ. ಮಧ್ಯಾಹ್ನವಿಡೀ ತಲೆ ತಿರುಗಿತು, ಅದು ಬೇರೆ ವಿಷಯ. ಎರಡನೇ ಸಲ ಕರಡಿನ ಹಾಳೆಯನ್ನು ನಿಂತೇ ಓದಿ, "ಲೋ, ಇದನ್ನ ಕಲ್ಲಲ್ಲಿ ಕೆತ್ತಿಸ್ತಾರಾ?" ಎಂದಳು.

"ಮತ್ತೆ ನೀರಿನ ಮೇಲೆ ಬರೀತಾರಾ?"

"ಅಲ್ಲ, ಅವತ್ತು ನೀನು..."

"ಅಕ್ಕ, ಬರೀತಾ ಇದೀನಿ."

ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಬಹಳ ಹೊತ್ತು ಕೇಳಿಸಿತು.

ಜೂನ್ ೧೫, ಭಾನುವಾರ

ಕರಡು ಓದಿದೆ. ಸೀಟಿಗೆ ಪರಮಾನಂದ. "ಅದೇ ಸಾರ್! ತಪ್ಪು ಕ್ಯಾಬಿನ್ನಿಂದು. ನಮ್ಮಪ್ಪಂದೂ ಇಲ್ಲ, ನಿಮ್ಮಪ್ಪಂದೂ ಇಲ್ಲ." ನನ್ನ ಸಾಲನ್ನು ಅವನು ಮೆಚ್ಚಿಕೊಂಡದ್ದು ಯಾಕೋ ಹಿಡಿಸಲಿಲ್ಲ.

ಟೈಲರ್ ಹೆಂಗಸು ಎದ್ದಳು. "ಆ ಒಂದು ಸಾಲು ತೆಗೀರಿ. ಬೇರೆ ಏನು ಬೇಕಾದ್ರೂ ಬರ್ಕೊಳ್ಳಿ. ವಾಚನಾಲಯಕ್ಕೆ ನಾನೂ ಬರ್ತೀನಿ, ನನ್ನ ಮೊಮ್ಮಗಳೂ ಬರ್ತಾಳೆ. ದಿನಾ ಬಾಗಿಲಲ್ಲಿ ಅದನ್ನ ಓದ್ಕೊಂಡು ಒಳಗೆ ಹೋಗ್ಬೇಕಾ?"

"ನೋಡಮ್ಮ, ನಿನ್ನ ಸಂಕಟ ಅರ್ಥವಾಗುತ್ತೆ. ಆದರೆ ನಾನು ಕಣ್ಣಾರೆ ಕಂಡವನು" ಎಂದೆ.

"ನಮ್ಮಪ್ಪ ಕಿವಿಯಾರೆ ಕೇಳಿದವರು."

"ಕೆಲಸ ಉಳಿಸಿಕೊಳ್ಳೋಕೆ ಯಾರಾದರೂ ಹಾಗೇ ಹೇಳ್ತಾರೆ."

"ಹೌದು ಸಾರ್," ಎಂದಳು, "ಯಾರಾದರೂ."

ಆ ಮಾತನ್ನು ಎಲ್ಲಿಗೆ ಗುರಿಯಿಟ್ಟಳೋ ನನಗೆ ಗೊತ್ತಾಗದೆ ಇಲ್ಲ. ದುರಹಂಕಾರ. ಇವಳು ನಮ್ಮ ಮನೆಯ ಬಟ್ಟೆ ಮುಟ್ಟುವುದಿಲ್ಲ, ಇವತ್ತಿನ ಮಾತಲ್ಲ ಅದು. ಯಾರು ಹೋದರೂ 'ಮಿಷನ್ ಕೆಟ್ಟಿದೆ' ಎನ್ನುತ್ತಾಳೆ. ಹಿಂದೆಯೇ ಟಕಟಕ ಸದ್ದು ಬರುತ್ತಿರುತ್ತದೆ. ಒಂದು ಕಾಲರ್ ತಿರುಗಿಸಿ ಹೊಲಿಸಲು ನಾನು ನಾಲ್ಕು ಬೀದಿ ದಾಟಬೇಕು.

ಅಷ್ಟರಲ್ಲಿ ಮೇಸ್ತ್ರಿ ಅಲ್ಲಾಡದೆ ಕೂತಲ್ಲಿಂದಲೇ, "ಮಾಸ್ಟರ್ ಮಗ್ನೇ, ತಗಡಿನ ಚಾವಣಿ ಅಂತ ಯಾವಾಗ್ಲೂ ಹೇಳ್ತೀರಲ್ಲ, ಅದು ಆಗ ಎಲ್ಲಿತ್ತು? ಅಪಘಾತ ಆಗಿ ಮೂರು ವರ್ಷಕ್ಕೆ ನಾನೇ ಹಾಕಿದ್ದು. ಕಂಬಕ್ಕೆ ಗುಂಡಿ ತೋಡ್ದೋನು ನಾನು" ಎಂದ.

"ಸೇತುವೆಗೆ ಏಳು ಕಮಾನು ಎಂದವರು ನೀವೇ ತಾನೇ?" ಎಂದೆ. ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ. ಟೈಲರ್ ಹೆಂಗಸು ಮಾತ್ರ ನಗಲಿಲ್ಲ.

ಜೂನ್ ೧೭, ಮಂಗಳವಾರ

ಮೇಸ್ತ್ರಿಯ ಬಾಯಿ ಮುಚ್ಚಿಸಲೆಂದೇ ನಮ್ಮ ಪತ್ರಿಕೆಯ ಹಳೇ ಸಂಚಿಕೆಗಳ ಕೋಣೆಗೆ ಹೋದೆ. ಧೂಳಿಗೆ ಹನ್ನೊಂದು ಸಲ ಸೀನಿದೆ. ಅಪಘಾತದ ಮರುದಿನದ ಸಂಚಿಕೆ ಸಿಕ್ಕಿತು. ಮುಖಪುಟದಲ್ಲಿ ಚಿತ್ರ: ಮಗುಚಿದ ಎಂಜಿನ್ನು, ಪ್ಲಾಟ್‌ಫಾರ್ಮು, ಮೇಲೆ ಬರೀ ಆಕಾಶ. ಚಾವಣಿಯಿಲ್ಲ.

ಸರಿ, ಇಲ್ಲ. ಇದರಿಂದ ಏನಾಯಿತು? ಐವತ್ತೆರಡು ವರ್ಷದಲ್ಲಿ ಒಂದು ತಗಡು ಆಚೀಚೆಯಾಯಿತು. ಮಳೆ ಬರುತ್ತಿತ್ತಲ್ಲ, ನೆನೆದಿರಲಿಲ್ಲವಲ್ಲ, ಅಂದಮೇಲೆ ಕೊಡೆ ಇದ್ದಿರಬೇಕು. ಹೌದು, ಕೊಡೆ. ಈಗ ಸ್ಪಷ್ಟವಾಗಿ ಕಣ್ಣಿಗೆ ಕಟ್ಟುತ್ತಿದೆ: ಅಪ್ಪನ ಕಪ್ಪು ಕೊಡೆ, ಮರದ ಹಿಡಿ, ಒಂದು ಕಡ್ಡಿ ಮುರಿದಿತ್ತು. ಮಳೆ ಬಡಿದದ್ದು ಕೊಡೆಯ ಮೇಲೆ.

ಒಂದು ಕೈಯಲ್ಲಿ ಕ್ಯಾರಿಯರ್, ಇನ್ನೊಂದರಲ್ಲಿ ಕೊಡೆ. ಕರ್ಚೀಫು ಹೇಗೆ ಸುತ್ತಿದೆನೋ ಕಾಣೆ.

ಜೂನ್ ೧೯, ಗುರುವಾರ

ಕೊಡೆಯ ವಿಷಯ ಅಕ್ಕನಿಗೆ ಹೇಳಿದೆ, ತಪ್ಪಾಯಿತು. ಬಟಾಣಿ ಬಿಡಿಸುತ್ತಿದ್ದವಳು ತಟ್ಟೆ ಕೆಳಗಿಟ್ಟಳು.

"ಕೊಡೆ ಅಲ್ಲ ಕಣೋ. ಗೋಣಿಚೀಲ. ಗೋಣಿಚೀಲ ತಲೆ ಮೇಲೆ ಹಾಕ್ಕೊಂಡು ಹೋಗಿದ್ದೆ."

"ಯಾರು?"

"ನಾನು. ಕ್ಯಾರಿಯರ್ ತಗೊಂಡು ಹೋಗಿದ್ದು ನಾನು. ನಿಂಗೆ ಮಂಗನಬಾವು ಬಂದಿತ್ತು. ಎರಡೂ ಕೆನ್ನೆ ಕುಂಬಳಕಾಯಿ ಆಗಿ ಒಂದು ವಾರ ಮಂಚದಿಂದ ಇಳಿದಿರ್ಲಿಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ.

"ಹಿಡಿ ಕೈ ಸುಡ್ತಿತ್ತು, ಕರ್ಚೀಫು ಸುತ್ತಿದ್ದೆ ಅಂತ ಊರಿಗೆಲ್ಲ ಹೇಳ್ತೀಯಲ್ಲ, ಅದು ನಂದು. ಅವತ್ತು ಸಂಜೆ ನಿನ್ನ ಮಂಚದ ತುದೀಲಿ ಕೂತು ನಾನೇ ಹೇಳಿದ್ದು. ಮತ್ತೆ ಹೇಳು, ಮತ್ತೆ ಹೇಳು ಅಂತ ಪೀಡಿಸ್ತಿದ್ದೆ. ಎಷ್ಟು ಸಲ ಹೇಳಿದ್ನೋ, ಕೊನೆಗೆ ನಿಂದೇ ಮಾಡ್ಕೊಂಡೆ."

"ಹಾಗಾದರೆ ಇಷ್ಟು ವರ್ಷ ಬಾಯಿ ಹೊಲಿದುಕೊಂಡು ಕೂತಿದ್ದೆಯಾ?"

"ನನ್ನ ಯಾರು ಕೇಳಿದ್ರು?"

ಉಳಿದದ್ದನ್ನು ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ. ತಿದ್ದುವುದಿಲ್ಲ.

"ಅಪ್ಪ ಒಂದು ಏಟು ಹೊಡೆದ್ರು. ನಾನು ಕ್ಯಾರಿಯರ್ ಕೊಟ್ಟೆ. ಮುಚ್ಚಳ ತೆಗೆದು ನೋಡಿ ಮುಚ್ಚಿದ್ರು. ಅಷ್ಟರಲ್ಲಿ ಗೂಡ್ಸಿನ ಗಾರ್ಡು ಬಂದು ಏನೋ ಕೇಳ್ದ, ಉತ್ತರ ಹೇಳಿದ್ರು. ತಿರುಗಿ ಕಂಬಿ ತುಂಡು ನೋಡಿದ್ರು. ಅದು ಸುಮ್ನೆ ನಿಂತಿತ್ತು. 'ಹೊಡೆದ್ನಾ?' ಅಂತ ನನ್ನ ಕೇಳಿದ್ರು. ನಾನು ಗಾರ್ಡಿನ ಟೋಪಿ ನೋಡ್ತಾ ನಿಂತಿದ್ದೆ. ಗೊತ್ತಿಲ್ಲಪ್ಪ ಅಂದೆ. ಮತ್ತೆ ಹೊಡೆದ್ರು. ಒಂದು. ಅವರ ಲೆಕ್ಕದಲ್ಲಿ ಒಂದೇ."

ನಾದ ಅಡಗುವಷ್ಟು ಹೊತ್ತು. ಒಂದು ಮುಚ್ಚಳ ತೆಗೆದು ಹಾಕುವಷ್ಟು, ಗಾರ್ಡಿಗೊಂದು ಉತ್ತರ ಹೇಳುವಷ್ಟು.

"ಅಮ್ಮಂಗೆ ಹೇಳ್ದೆ. 'ಬಾಯಿ ಮುಚ್ಚು, ಕೆಲಸ ಹೋದ್ರೆ ಐದು ಜನ ಎಲ್ಲಿಗೆ ಹೋಗೋದು' ಅಂದ್ಳು. ಅಪ್ಪಂಗೆ ಹೇಳ್ಲೇ ಇಲ್ಲ. ಅವರು ಸುಳ್ಳು ಹೇಳ್ಲಿಲ್ಲ ಕಣೋ. ಅವರಿಗೆ ಗೊತ್ತೇ ಇರ್ಲಿಲ್ಲ. ನಿನ್ನ ಮಾತ್ರೆ ಥರಾನೇ."

ಕೋಪದಿಂದ ಎದ್ದುಬಂದೆ. ಹದಿಮೂರು ವರ್ಷದ ಹುಡುಗಿ ಟೋಪಿ ನೋಡುತ್ತಿದ್ದಳಂತೆ, ಏಟು ಎಣಿಸಿದಳಂತೆ. ಇದಕ್ಕೆ ಸಾಕ್ಷಿ ಯಾರು?

ಜೂನ್ ೨೦, ಶುಕ್ರವಾರ

ಬರೆಯುವಂಥದ್ದೇನಿಲ್ಲ.

ಜೂನ್ ೨೪, ಮಂಗಳವಾರ

ವಯಸ್ಸಾದವರ ನೆನಪನ್ನು ನಂಬಬಾರದೆಂದು ನಾನೇ ಸೀಟಿಗೆ ನೂರು ಸಲ ಹೇಳಿದ್ದೇನೆ. ಅಕ್ಕನಿಗೆ ಅರವತ್ತೈದು. ನನಗಿಂತ ಮೂರು ವರ್ಷ ಹೆಚ್ಚು.

ಆದರೂ ಅಮ್ಮನ ಹಳೇ ಪೆಟ್ಟಿಗೆ ತೆಗೆದು ನೋಡಿದೆ. ನನ್ನ ಐದನೇ ತರಗತಿಯ ಪ್ರಗತಿಪತ್ರ ಅದರಲ್ಲಿತ್ತು. ಆ ತಿಂಗಳು ಗೈರುಹಾಜರಿ ಒಂಬತ್ತು ದಿನ. ಕಾರಣದ ಜಾಗದಲ್ಲಿ ಅಪ್ಪನ ದುಂಡು ಅಕ್ಷರ: "ಮಂಗನಬಾವು." ಕೆಳಗೆ ಸಹಿ.

ಸಹಿಯ ಕೆಳಗೆ ಇನ್ನೊಂದು ಸಹಿ. ಅದೇ ಜಾಗ, ಅದೇ ಶಾಯಿ. ಮೊದಲನೆಯದು ಹಾಕಿದ್ದು ಮರೆತಿರಬೇಕು.

ಆಮೇಲಿನ ತಿಂಗಳ ಸಹಿಗಳನ್ನೂ ನೋಡಿದೆ. ಪ್ರತಿ ಸಹಿಯ ಪಕ್ಕ ಸಣ್ಣದೊಂದು ಗುರುತು ಹಾಕಿಕೊಂಡಿದ್ದಾರೆ. ಅದಕ್ಕೆ ಹಿಂದಿನ ತಿಂಗಳುಗಳಲ್ಲಿ ಆ ಗುರುತಿಲ್ಲ.

ಮಲಗುವ ಮುನ್ನ ಮೂರು ಸಲ ಎದ್ದು ಚಿಲಕ ಮುಟ್ಟುತ್ತಿದ್ದುದು ಯಾವಾಗಿನಿಂದ ಎಂದು ಅಕ್ಕನನ್ನು ಕೇಳೋಣವೆಂದುಕೊಂಡೆ. ಕೇಳಲಿಲ್ಲ.

ಜೂನ್ ೨೬, ಗುರುವಾರ

ವಕೀಲರಿಗೆ ಸೂಚ್ಯವಾಗಿ ಹೇಳಿ ನೋಡಿದೆ: ಆ ಒಂದು ಸಾಲು ಕೈಬಿಟ್ಟರೆ ಹೇಗೆ? "ಯಾಕೆ ಸಾರ್, ವಿಚಾರಣೆಯ ವರದಿ ಇದೆ, ಕಣ್ಣಾರೆ ಕಂಡ ನೀವಿದ್ದೀರಿ. ಇನ್ನೇನು ಬೇಕು? ಕೆತ್ತೋನು ಮುಂದಿನ ವಾರ ಬರ್ತಾನೆ." ನಗುತ್ತಾ ನನ್ನ ಬೆನ್ನು ತಟ್ಟಿದರು.

ಸಾಲನ್ನು ಹೀಗೆ ಮಾಡಿದರೆ: "ತಪ್ಪು ಮಾರ್ಗಕ್ಕೆ ತಿರುಗಿದ ಗಾಡಿ..." ಯಾರು ತಿರುಗಿಸಿದರೆಂದು ಹೇಳಬೇಕಾಗಿಯೇ ಇಲ್ಲ. ಎಲ್ಲರೂ ಬಚಾವು. ಸುಳ್ಳೂ ಅಲ್ಲ. ಇಂಥ ವಾಕ್ಯಗಳನ್ನು ನಮ್ಮ ವರದಿಗಾರರು ಬರೆದು ತಂದಾಗ ನಾನು ಕೆಂಪು ಶಾಯಿಯಲ್ಲಿ "ಯಾರು?" ಎಂದು ಬರೆದು ಹಿಂದಕ್ಕೆ ಕಳಿಸುತ್ತಿದ್ದೆ.

ಜೂನ್ ೨೯, ಭಾನುವಾರ

ಅಕ್ಷರ ಸೊಟ್ಟ. ಕೋಪಕ್ಕೆ, ಬೇರೇನಲ್ಲ.

ಕೊನೆಯ ಸಭೆ. ನಾನು ಬಾಯಿ ಬಿಡುವ ಮೊದಲೇ ಸೀಟಿ ಒಂದು ಸಿಳ್ಳೆ ಹಾಕಿ, "ಕರಡು ಹಾಗೇ ಪಾಸ್ ಮಾಡಿ. ಮಾಸ್ಟರ್ ಮಗ ಸ್ವಂತ ಕಣ್ಣಲ್ಲಿ ನೋಡಿದಾರೆ, ಒಂದೇ ಏಟು. ಇದಕ್ಕಿಂತ ಸಾಕ್ಷಿ ಬೇಕಾ?" ಎಂದು ಹಿಂದಿನ ಬೆಂಚಿನ ಕಡೆ ತಿರುಗಿ ಹೇಳಿದ. ಟೈಲರಮ್ಮ ಕೈಚೀಲ ಎತ್ತಿಕೊಂಡು ಎದ್ದಿದ್ದರು, ಹೊರಟಿದ್ದರು. ನಾನು ಎದ್ದುನಿಂತೆ.

"ನಾನು ಅವತ್ತು ಅಲ್ಲಿರಲಿಲ್ಲ."

ಯಾರಿಗೂ ತಲೆಬುಡ ತಿಳಿಯಲಿಲ್ಲ. ಮತ್ತೆ ಹೇಳಿದೆ. ಮಂಗನಬಾವು ಎಂದೆ. ಒಬ್ಬರು ಕಿಸಕ್ಕನೆ ನಕ್ಕರು.

"ಏನ್ ಸಾರ್ ತಮಾಷೆ!" ಎಂದ ಸೀಟಿ. "ನೀವಿದ್ರಿ. ಕ್ಯಾರಿಯರ್ ಹಿಡ್ಕೊಂಡು ನಿಂತಿದ್ರಿ, ಕರ್ಚೀಫು ಸುತ್ತಿ. ನಾನೇ ನೋಡಿದೀನಿ!"

"ನೀನು ಅಜ್ಜಿ ಮನೇಲಿದ್ದೆಯಲ್ಲಯ್ಯಾ!"

"ಆಮೇಲೆ ಬಂದೆ. ನಂಗೆ ಚೆನ್ನಾಗಿ ನೆನಪಿದೆ ಸಾರ್, ನೀಲಿ ಅಂಗಿ ಹಾಕಿದ್ರಿ."

ನೀಲಿ ಅಂಗಿ! ನನ್ನ ಕಥೆಯಲ್ಲಿ ಅಂಗಿಯ ಬಣ್ಣವೇ ಇರಲಿಲ್ಲ. ಅದನ್ನು ಇವನು ಸ್ವಂತ ಬಂಡವಾಳದಿಂದ ಹಾಕಿದ. ಮುಗಿಯಲಿಲ್ಲ. ವಕೀಲರೂ, "ನಮ್ಮ ತಂದೆನೂ ನಿಮ್ಮನ್ನ ಅಲ್ಲಿ ನೋಡಿದ್ದು ಹೇಳ್ತಿದ್ರು. ಆಯಾಸ ಆಗಿದೆ ನಿಮಗೆ, ಕೂತ್ಕೊಳ್ಳಿ" ಎಂದು ನೀರು ತರಿಸಿದರು. ನಾನು ಅಲ್ಲಿರಲಿಲ್ಲವೆಂದು ನನ್ನ ಬಾಯಿಂದಲೇ ಹೇಳಿದರೂ ನಂಬಲು ಊರಲ್ಲಿ ಒಬ್ಬರೂ ಇಲ್ಲ! ಐವತ್ತು ವರ್ಷ ಹಂಚಿದ್ದೇನೆ, ಈಗ ಎಲ್ಲರ ಮನೆಯಲ್ಲೂ ಒಂದೊಂದು ಪ್ರತಿ ಇದೆ. ಪತ್ರಿಕೆಯಲ್ಲಾದರೆ ಮರುದಿನ 'ತಿದ್ದುಪಡಿ' ಎಂದು ಒಂದು ಮೂಲೆಯಲ್ಲಿ ಹಾಕುತ್ತಿದ್ದೆವು. ಇದಕ್ಕೆ ಎಲ್ಲಿ ಹಾಕುವುದು?

ಪ್ರಗತಿಪತ್ರವನ್ನು ಮೇಜಿನ ಮೇಲೆ ಬಡಿದೆ. ವಕೀಲರು ಕನ್ನಡಕ ಏರಿಸಿ ಓದಿದರು. ಪಕ್ಕದವರಿಗೆ ದಾಟಿಸಿದರು. "ಚಾವಣಿ ನಾನೇ ಹಾಕಿದ್ದು ಅಂದ್ನೋ ಇಲ್ವೋ," ಎಂದ ಮೇಸ್ತ್ರಿ, ಯಾರಿಗೂ ಅಲ್ಲದ ಹಾಗೆ.

ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ. ಬರುತ್ತೇನೆಂದು ನನಗೆ ಹೇಳಿರಲಿಲ್ಲ. ಕೆಲಸಕ್ಕೆ ಹೋಗುವಾಗಿನ ಹಾಗೆ ಕೂದಲು ಬಿಗಿಯಾಗಿ ಕಟ್ಟಿಕೊಂಡಿದ್ದಳು. ನನಗೆ ಹೇಳಿದ್ದನ್ನೇ ನಿಂತುಕೊಂಡು ಹೇಳಿದಳು. ಟೋಪಿಯನ್ನೂ ಬಿಡಲಿಲ್ಲ, 'ಗೊತ್ತಿಲ್ಲಪ್ಪ' ಅಂದದ್ದನ್ನೂ ಬಿಡಲಿಲ್ಲ. ಒಂದು ಪದ ಆಚೀಚೆಯಾಗಲಿಲ್ಲ.

ಟೈಲರಮ್ಮ ಎದ್ದುನಿಂತೇ ಕೇಳಿದರು. ಮುಗಿದ ಮೇಲೆ, "ನಮ್ಮಪ್ಪ ಹೋಗೋ ದಿನಾನೂ ಗೋಡೆಗೆ ಬೆರಳಲ್ಲಿ ಹೊಡೆದು ತೋರಿಸ್ತಿದ್ರು, ಟಕ್... ಟಕ್... ಇಷ್ಟು ಅಂತರ ಇತ್ತು ಅಂತ" ಎಂದರು. ಆಮೇಲೆ ಧ್ವನಿ ಏರಿತು. "ನೀವು ಮೂರು ಬೀದಿ ಆಚೆ ಇದ್ರಲ್ಲಮ್ಮ. ಆಸ್ಪತ್ರೇಲಿ ನಮ್ಮಪ್ಪಂಗೆ ಇಂಜೆಕ್ಷನ್ ಕೊಟ್ಟಿದ್ದೂ ನೀವೇ."

"ಕೊಟ್ಟಿದ್ದೆ" ಎಂದಳು ಅಕ್ಕ.

"ಆಗಲಾದ್ರೂ ಅವರ ಕಿವೀಲಿ ಹೇಳ್ಬಹುದಿತ್ತು."

"ಹೇಳ್ಬಹುದಿತ್ತು."

ಟೈಲರಮ್ಮ ಹೊರಟುಹೋದರು. ಅವರ ಹಿಂದೆ ಹೋಗಬೇಕೆನಿಸಿತು. ಹೋಗಿ ಏನು ಹೇಳುವುದು?

ಜುಲೈ ೨, ಬುಧವಾರ

ಹೊಸ ಕರಡು ಹಿಡಿದು ಟೈಲರಮ್ಮನವರ ಅಂಗಡಿಗೆ ಹೋದೆ. ಒಬ್ಬರು ಕೂತು ಇನ್ನೊಬ್ಬರು ನಿಲ್ಲುವಷ್ಟು ಜಾಗ. ಗೋಡೆಗೆ ಅಳತೆ ಪಟ್ಟಿ, ಅದರ ಪಕ್ಕ ಅವರ ಅಪ್ಪನ ಫೋಟೋ. ಅವರ ಮುಖವನ್ನು ಮೊದಲ ಸಲ ನೋಡಿದೆ. ಅಂದರೆ ಹಿಂದೆ ನೋಡಿದ್ದೇನೆಂದುಕೊಂಡಿದ್ದ ಮುಖ ಇದಲ್ಲ. ಮೀಸೆಯಿಲ್ಲ. ನಾನು ಇಷ್ಟು ದಿನವೂ ಅವರಿಗೊಂದು ಮೀಸೆ ಅಂಟಿಸಿಕೊಂಡಿದ್ದೆ.

ಓದಿದೆ: "ಒಂದು ಏಟು ಹೊಡೆದೆನೆಂದು ಸ್ಟೇಷನ್ ಮಾಸ್ಟರರೂ, ಎರಡು ಕೇಳಿತೆಂದು ಪಾಯಿಂಟ್ಸ್‌ಮನ್ನರೂ ಹೇಳಿದರು. ಇಬ್ಬರೂ ತಮಗೆ ತಿಳಿದ ನಿಜವನ್ನೇ ನುಡಿದಿದ್ದರು."

ಟೈಲರಮ್ಮ ಮಿಷನ್ನಿನ ಚಕ್ರ ಕೈಯಲ್ಲಿ ಹಿಡಿದು ಕೇಳಿಸಿಕೊಂಡರು. "ಚೆನ್ನಾಗಿದೆ. ಇಬ್ಬರಿಗೂ ಸಮ ಮಾಡಿದೀರ."

"ಸರಿಯೇ ಅಲ್ಲವೇ?"

"ನಿಮ್ಮಪ್ಪಂಗೆ ಪೆನ್ಷನ್ ಬಂತು ಸಾರ್. ನಮ್ಮಪ್ಪ ಮೂಟೆ ಹೊತ್ರು. ಸಮ ಎಲ್ಲಿ ಬಂತು?"

ನನಗೆ ರೇಗಿತು. ಇಷ್ಟು ಬಗ್ಗಿದ ಮೇಲೂ! "ಮತ್ತೆ ಏನು ಬರೀಲಿ, ನೀವೇ ಹೇಳಿ" ಎಂದೆ, ಸ್ವಲ್ಪ ಜೋರಾಗಿಯೇ.

"ಎಷ್ಟು ಏಟು ಬಿತ್ತು?"

"ಎರಡು."

"ಅದನ್ನೇ ಬರೀರಿ."

ಅಲ್ಲೇ ಬಾಗಿಲ ಮೆಟ್ಟಿಲ ಮೇಲೆ ಕೂತು ಬರೆದೆ. ಮಂಡಿ ಹಿಡಿಯಿತು. ಒಂದು ಪದಕ್ಕೆ ಅವರು ಒಪ್ಪಲಿಲ್ಲ, ಹೊಡೆದುಹಾಕಿದೆ. ಇನ್ನೊಂದಕ್ಕೆ ನಾನು ಒಪ್ಪಲಿಲ್ಲ, ಉಳಿಯಿತು.

ಜುಲೈ ೧೩, ಭಾನುವಾರ

ಫಲಕ ನಿಂತಿತು. ಲೈನು ಬಂದದ್ದು ವಕೀಲರ ತಾತನ ಅರ್ಜಿಯಿಂದಲೇ ಎಂದು ಕೆತ್ತಿಸಿಬಿಟ್ಟಿದ್ದಾರೆ, ನನ್ನ ಕಣ್ಣು ತಪ್ಪಿಸಿ. ಅರ್ಜಿಗೆ ಎರಡು ವರ್ಷ ಮೊದಲೇ ಹಳಿ ಬಿದ್ದಿತ್ತೆಂದು ಯಾರಿಗೆ ಹೇಳುವುದು! ಒಂಬತ್ತನೇ ಸಾಲು ಮಾತ್ರ ನಾವು ಬರೆದ ಹಾಗೆಯೇ ಇದೆ: "ಅಂದು ಸ್ಟೇಷನ್ ಮಾಸ್ಟರರು ಮರೆವಿನಿಂದ ಎರಡು ಏಟು ಹೊಡೆದರು. ಪಾಯಿಂಟ್ಸ್‌ಮನ್ನರು ಸರಿಯಾಗಿ ಎಣಿಸಿದರು." ಮರೆವಿನಿಂದ ಎಂಬುದು ನಾನು ಬಿಟ್ಟುಕೊಡದ ಪದ.

ಸೀಟಿ ಮುನಿಸಿಕೊಂಡಿದ್ದಾನೆ. ಎಂಜಿನ್ನಿನ ವೇಗ ಎಲ್ಲೂ ಬರಲಿಲ್ಲವಂತೆ.

ಕಂಬಿ ತುಂಡನ್ನು ಗೋದಾಮಿನಿಂದ ಹುಡುಕಿ ತಂದು ಬಾಗಿಲಲ್ಲಿ ನೇತುಹಾಕಿದ್ದರು. ಉದ್ಘಾಟನೆಗೆ ಬಾರಿಸಿ ಎಂದು ವಕೀಲರು ಗೂಟವನ್ನು ನನ್ನ ಕೈಗಿತ್ತರು. "ಮಾಸ್ಟರ್ ಮಗ ಅಲ್ವಾ!" ನಾನದನ್ನು ಟೈಲರಮ್ಮನವರಿಗೆ ಕೊಟ್ಟೆ. ಅವರು ಒಂದು ಹೊಡೆದರು. ಜನ ಚಪ್ಪಾಳೆ ತಟ್ಟಿದರು. ಅವರು ಕದಲಲಿಲ್ಲ. ಚಪ್ಪಾಳೆ ನಿಂತಿತು, ನಾದವೂ ಅಡಗಿತು, ಯಾರೋ ಕೆಮ್ಮಿದರು. ಒಂದು ಮುಚ್ಚಳ ತೆಗೆದು ಹಾಕುವಷ್ಟು, ಗಾರ್ಡಿಗೊಂದು ಉತ್ತರ ಹೇಳುವಷ್ಟು ಹೊತ್ತು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ಎರಡನೆಯದು ಹೊಡೆದು ಗೂಟ ಕೆಳಗಿಟ್ಟರು.

ವಾಪಸು ಬರುವಾಗ ಅಕ್ಕ ನನ್ನ ಕಾಲರ್ ಹರಿದ ಅಂಗಿಯನ್ನು ಅವರ ಅಂಗಡಿಗೆ ಕೊಟ್ಟು ಬಂದಳು. ಮಿಷನ್ ಕೆಟ್ಟಿದೆ ಎನ್ನಲಿಲ್ಲವಂತೆ. ಗುರುವಾರ ಬನ್ನಿ ಎಂದರಂತೆ. ಶುಕ್ರವಾರ ಅಂದಿರಲೂಬಹುದು, ಅಕ್ಕನಿಗೆ ಸರಿಯಾಗಿ ನೆನಪಿಲ್ಲ.

ಊಟವಾಯಿತು. ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ಗೊತ್ತಾಗುತ್ತಿಲ್ಲ. ಅಕ್ಕನನ್ನು ಕೇಳಬೇಕು.